ಗಂಟೆ ತಾಯಮ್ಮನ ಬಾಕಿ ಏಟು

ತಾಯಮ್ಮ ಯಾರ ಮನೆಗೆ ಹೋದರೂ ಅಲ್ಲಿ ಕೂತಿದ್ದವರು ಎದ್ದು ನಿಲ್ಲುತ್ತಿದ್ದರು. ಮರ್ಯಾದೆಗಲ್ಲ. ಅವಳ ಮುಖ ಕಂಡ ಕೂಡಲೇ ಕೆಲಸಕ್ಕೆ ಹೊತ್ತಾಯಿತು ಅನ್ನಿಸಿ ಕಾಲು ತಾನಾಗಿ ಏಳುತ್ತಿತ್ತು. ಎಸ್ಟೇಟಿನ ಆಳು ಬಸವರಾಜುವಿನ ತಂಗಿಯ ಮದುವೆಯಲ್ಲಂತೂ ಇವಳು ಪಂಕ್ತಿಯಲ್ಲಿ ಕೂತದ್ದೇ ತಡ, ಅಕ್ಕಪಕ್ಕದ ನಾಲ್ಕು ಜನ ಅನ್ನ ಸಾರನ್ನು ಗಬಗಬನೆ ನುಂಗಿ, ಪಾಯಸ ಬರುವ ಮೊದಲೇ ಕೈ ತೊಳೆಯಲು ಎದ್ದುಬಿಟ್ಟರು. ತೊಳೆದ ಮೇಲೆ ಇವತ್ತು ಕೆಲಸವಿಲ್ಲ ಎಂಬುದು ನೆನಪಾಯಿತು. ಪಾಯಸ ತಪ್ಪಿದ ಸಿಟ್ಟನ್ನೂ ಅವಳ ಮೇಲೆಯೇ ಹಾಕಿದರು.

ಸಕಲೇಶಪುರದ ಹತ್ತಿರದ ದೋಣಿಗಲ್ಲಿನಿಂದ ಘಾಟಿಯ ಕಡೆ ಸ್ವಲ್ಪ ಇಳಿದು ಎಡಗಡೆಯ ಮಣ್ಣುರಸ್ತೆ ಹತ್ತಿದರೆ ಕಲ್ಲುಗುಡ್ಡೆ ಎಸ್ಟೇಟ್. ಅಲ್ಲಿ ಕಾಫಿ ಒಣಗಿಸುವ ಕಣದ ಅಂಚಿಗೆ ಒಂದು ಹಲಸಿನ ಮರ. ಮರದ ಕೊಂಬೆಗೆ ಸರಪಳಿ ಕಟ್ಟಿ ತೂಗುಹಾಕಿದ ಎರಡಡಿ ಉದ್ದದ ರೈಲು ಕಂಬಿ. ಎಸ್ಟೇಟಿನ ಗಂಟೆ ಎಂದರೆ ಅದೇ. ಮೊದಲು ಅದನ್ನು ಬಡಿಯುತ್ತಿದ್ದವನು ತಾಯಮ್ಮನ ಗಂಡ. ಅವನು ತೀರಿಕೊಂಡಾಗ, ಹಾಜರಿ ಬರೆಯುವ ಆಗಿನ ರೈಟರು, ಬೇರೆಯವರು ಸಿಗುವ ತನಕ ನೀನೇ ಬಡಿ ಎಂದು ಅವಳ ಕೈಗೆ ಸುತ್ತಿಗೆ ಕೊಟ್ಟರು. ಇಪ್ಪತ್ತೊಂದು ವರ್ಷವಾದರೂ ಆ ಬೇರೆಯವರು ಸಿಗಲಿಲ್ಲ. ರೈಟರು ಬದಲಾದರು, ಮಾಲೀಕರ ಮಗ ಮಾಲೀಕನಾದ, ಹಳಿಯ ಗೇಜು ಬದಲಿಸುತ್ತೇವೆಂದು ಘಾಟಿಯ ರೈಲನ್ನೇ ನಿಲ್ಲಿಸಿ ಮೂರು ವರ್ಷವಾಯಿತು. ಕಂಬಿ ಮಾತ್ರ ಹಲಸಿನ ಮರದಲ್ಲಿ ದಿನಕ್ಕೆ ನಾಲ್ಕು ಸಲ ಕೂಗುತ್ತಲೇ ಇತ್ತು.

ಬೆಳಿಗ್ಗೆ ಆರಕ್ಕೆ ಎಬ್ಬಿಸುವ ಗಂಟೆ, ಮಧ್ಯಾಹ್ನ ಊಟದ ಗಂಟೆ, ಸಂಜೆ ನಾಲ್ಕೂವರೆಗೆ ಬಿಡುವ ಗಂಟೆ. ಇವುಗಳ ಬಗ್ಗೆ ಯಾರದೂ ಅಂಥ ತಕರಾರಿರಲಿಲ್ಲ. ಜನ ಹಲ್ಲು ಕಡಿಯುತ್ತಿದ್ದದ್ದು ಏಳೂವರೆಯ ಹಾಜರಿ ಗಂಟೆಗೆ. ಅದಕ್ಕೊಂದು ಕ್ರಮವಿತ್ತು. ಮೊದಲು ಮೂರು ನಿಧಾನದ ಏಟು. ಆಮೇಲೆ ಐದು ಬಿರುಸಿನ ಏಟು. ಆಮೇಲೆ ನಾಲ್ಕು ಉಸಿರು ಎಳೆದು ಬಿಡುವಷ್ಟು ಹೊತ್ತು ಸುಮ್ಮನಿದ್ದು, ಕೊನೆಗೆ ಒಂದೇ ಒಂದು ದೊಡ್ಡ ಏಟು. ಆ ಕೊನೆಯ ಏಟು ಬೀಳುವ ಮೊದಲು ಕಣದಲ್ಲಿ ಕಾಲಿಟ್ಟವರಿಗೆ ಪೂರ್ತಿ ಹಾಜರಿ. ಬಿದ್ದ ಮೇಲೆ ಬಂದವರಿಗೆ ಅರ್ಧ. ಹಾಗಾಗಿ ಕಾರ್ಮಿಕರ ಮನೆಗಳಿದ್ದ ಮೂರೂ ಲೈನುಗಳ ಜನ ಆ ನಾಲ್ಕು ಉಸಿರಿನ ಹೊತ್ತಿನಲ್ಲಿ ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದರು. ಆ ನಾಲ್ಕು ಉಸಿರು ಯಾರ ಉಸಿರು, ಎಷ್ಟು ಉದ್ದದ್ದು ಎಂದು ಕೇಳಿದವರು ಯಾರೂ ಇಲ್ಲ. ಬೈಯುವುದಕ್ಕೇ ಪುರುಸೊತ್ತಿರಲಿಲ್ಲ, ಇನ್ನು ಕೇಳುವುದೆಲ್ಲಿ?

ಬೈಯುವವರಲ್ಲಿ ಭೂತಯ್ಯನನ್ನು ಮೀರಿಸಿದವರಿಲ್ಲ. ತೋಟದಲ್ಲಿ ಗುಂಡಿ ತೆಗೆಯುತ್ತಿದ್ದ ಅರವತ್ತರ ಮುದುಕ, ಮೂರನೇ ಲೈನಿನ ಕೊನೆಯ ಮನೆ, ಎಡಮಂಡಿ ಊನ. "ನಿನ್ನ ಕಂಬಿಗೆ ತುಕ್ಕು ಹಿಡಿಯಾ!" ಎಂದು ಕೂಗುತ್ತಲೇ ಕುಂಟಿಕೊಂಡು ಏರು ಹತ್ತುತ್ತಿದ್ದ. ಕಣ ಮುಟ್ಟಿದ ಮೇಲೆ ಎದೆ ಉಬ್ಬಿಸಿ ನಿಲ್ಲುತ್ತಿದ್ದ. "ಮಂಡಿ ಮುರ್ಕಂಡು ಹದಿನಾಲ್ಕು ವರ್ಸ ಆತು. ಒಂದೇ ಒಂದ್ ದಿನ ಅರ್ಧ ಹಾಜರಿ ಬರೆಸ್ಕಂಡಿಲ್ಲ ಕಣ್ರೋ. ಗಂಟೇನ ಸೋಲಿಸ್ಬುಟ್ಟೆ ನಾನು!" ದಿನಾ ಇದೇ ಮಾತು. ತಾಯಮ್ಮ ಎಲೆಅಡಿಕೆ ಚೀಲ ಬಿಚ್ಚಿ, ಅದರೊಳಗಿದ್ದ ಪಟ್ಟಿ ಹರಿದ ಕೈಗಡಿಯಾರವನ್ನು ಒಮ್ಮೆ ನೋಡಿ, ಬಾಯಿಗೆ ಒಂದಿಷ್ಟು ಅಡಿಕೆ ಹಾಕಿಕೊಂಡು ಕಣ ಗುಡಿಸಲು ಹೋಗುತ್ತಿದ್ದಳು.

ಅವಳಿಗೆ ಬೇಸರವಾಗುತ್ತಿರಲಿಲ್ಲವೇ? ಆಗುತ್ತಿತ್ತು. ಹಾಡುವವಳ ಹಾಡಿಗೆ ಜನ ತಲೆದೂಗುತ್ತಾರೆ, ಅಡುಗೆಯವಳ ಸಾರಿಗೆ ಬೆರಳು ಚೀಪುತ್ತಾರೆ. ಇಪ್ಪತ್ತೊಂದು ವರ್ಷ ಅವಳ ಕೈಯಿಂದ ಹೊರಟ ಸದ್ದನ್ನು ಒಬ್ಬರಾದರೂ ಬೇಕೆಂದು ಕೇಳಿದವರಲ್ಲ. ಒಂದೇ ಒಂದು ಸಲ ಈ ಜನ ಯಾರೂ ಕರೆಯದೆ ತಾವಾಗಿ ಬಂದು ನನ್ನ ಸದ್ದು ಕೇಳಬೇಕು ಎಂಬ ಆಸೆ ಅವಳಿಗಿತ್ತು. ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಿದರೆ ನಗುತ್ತಿದ್ದರು, ನಾನಾಗಿದ್ದರೂ ನಗುತ್ತಿದ್ದೆ.

ಹೀಗಿರುವಾಗ ತೊಂಬತ್ತೊಂಬತ್ತರ ಜುಲೈನಲ್ಲಿ ಸಕಲೇಶಪುರದಿಂದ ಒಂದು ಆಟೋ ಕೆಸರಿನಲ್ಲಿ ಹೊರಳಾಡುತ್ತ ಎಸ್ಟೇಟಿಗೆ ಬಂತು. ಇಳಿದವಳು ಸುಮನಾ ಎಂಬ ಹುಡುಗಿ. ಎಸ್ಟೇಟುಗಳಲ್ಲೂ ಹಳ್ಳಿಗಳಲ್ಲೂ ಮಕ್ಕಳ ಕ್ಲಬ್ಬು ಕಟ್ಟುವ ಒಂದು ಸಂಸ್ಥೆಯವಳು. ಮಕ್ಕಳು ಶಾಲೆ ಬಿಟ್ಟ ಮೇಲೆ ಸೇರಬೇಕು, ಪಾಠಗೀಠ ಬೇಡ, ಕೈಯಾರೆ ಏನಾದರೂ ಮಾಡಬೇಕು, ಜನವರಿಯಲ್ಲಿ ಅದನ್ನು ಊರವರಿಗೆ ತೋರಿಸಬೇಕು. ನೋಡಲು ಐವತ್ತು ಜನರಾದರೂ ಬಂದು ಪುಸ್ತಕದಲ್ಲಿ ಸಹಿ ಹಾಕಿದರೆ ಆ ಕ್ಲಬ್ಬು ಖಾಯಂ, ಜೊತೆಗೆ ಒಂದು ಪೆಟ್ಟಿಗೆ ತುಂಬ ಹತಾರ: ಗರಗಸ, ಇಕ್ಕಳ, ಕೈಯಲ್ಲಿ ತಿರುಗಿಸುವ ಡ್ರಿಲ್ಲು, ಅಳತೆ ಟೇಪು. ಐವತ್ತು ಆಗದಿದ್ದರೆ ಪೆಟ್ಟಿಗೆ ಬೇರೆ ಊರಿಗೆ, ಕ್ಲಬ್ಬು ಅಲ್ಲಿಗೇ ಮುಗಿಯಿತು. ಊರವರಿಗೇ ಬೇಡದ ಕ್ಲಬ್ಬು ನಿಲ್ಲುವುದಿಲ್ಲ ಎಂಬುದು ಸಂಸ್ಥೆಯ ಲೆಕ್ಕ.

"ಮಕ್ಕಳನ್ನ ನೋಡ್ಕೊಳ್ಳೋಕೆ ಒಬ್ಬರು ದೊಡ್ಡವರು ಬೇಕು ಸಾರ್" ಎಂದಳು ಸುಮನಾ. ರೈಟರ್ ರಾಜಶೇಖರ್ ಸುತ್ತ ಕಣ್ಣಾಡಿಸಿದರು. ಎಲ್ಲರೂ ಕೆಲಸದಲ್ಲಿದ್ದರು. ಮಳೆಗಾಲದಲ್ಲಿ ಕಣ ಖಾಲಿ, ತಾಯಮ್ಮ ಮರದ ಬುಡದಲ್ಲಿ ಮಳೆ ತಡೆಯುವ ಗೊರಬು ಹೊದ್ದು ಕೂತಿದ್ದಳು. ಅಷ್ಟೇ ಅವಳ ಅರ್ಹತೆ.

"ಅಮ್ಮಾ, ನಿಮಗೆ ಏನೇನು ಮಾಡೋಕೆ ಬರುತ್ತೆ?"

"ಬಡಿಯಕ್ ಬತ್ತದೆ ಕಣವ್ವ. ಇನ್ನೇನೂ ಬರಕಿಲ್ಲ."

ಸುಮನಾ ಗಾಬರಿಯಾಗಿ, ಆಟೋ ಸುತ್ತ ಸೇರಿದ್ದ ಮಕ್ಕಳ ಕಡೆ ನೋಡಿದಳು. "ಅಯ್ಯೋ, ಮಕ್ಳನ್ನಲ್ಲ ಕಣವ್ವ, ಕಂಬೀನ!" ಎಂದು ತಾಯಮ್ಮ ನಕ್ಕಳು. ಅವಳು ನಗುವುದನ್ನು ನೋಡಿ ರೈಟರು ಬೆಚ್ಚಿದರು. ಹನ್ನೊಂದು ಮಕ್ಕಳ ಹೆಸರು ಬರೆದುಕೊಂಡು ಸುಮನಾ ಆಟೋ ಹತ್ತಿದಳು.

ಕ್ಲಬ್ಬು ಶುರುವಾದ ಮೇಲೆ ಮೊದಲ ಮೂರು ತಿಂಗಳು ಆದದ್ದೆಲ್ಲ ಅಧ್ವಾನ. ಹುರುಳಿಕಾಯಿ ಹಾಕಿದರು, ಚಿಗುರು ಗೇಣುದ್ದ ಬಂದ ದಿನ ಲೈನಿನ ಈರಮ್ಮನ ಮೇಕೆ ಬಂದು ಸಾಲುಸಾಲಾಗಿ ಮೇಯ್ದು ಹೋಯಿತು. ಸಾಬೂನು ಮಾಡಲು ಹೋದರು, ನೊರೆಯೇ ಬಾರದ ಒಂದು ಗಟ್ಟಿ ಸಿದ್ಧವಾಯಿತು. ಅದನ್ನು ಭೂತಯ್ಯನ ಮೊಮ್ಮಗಳು ಶೀಲಾ ಮನೆಗೆ ಒಯ್ದಳು. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡಲು ಚೆನ್ನಾಗಿತ್ತು. ಅತ್ತ ಆಲೂರಿನ ಕ್ಲಬ್ಬಿನ ಮಕ್ಕಳು ನಲವತ್ತು ಕೋಳಿಮರಿ ಸಾಕಿ ನಲವತ್ತನ್ನೂ ಉಳಿಸಿಕೊಂಡಿದ್ದಾರಂತೆ ಎಂದು ಸುಮನಾ ಬಂದಾಗಲೆಲ್ಲ ಹೇಳುತ್ತಿದ್ದಳು. ಪ್ರೋತ್ಸಾಹಕ್ಕೆ ಹೇಳಿದ್ದು. ಮಕ್ಕಳಿಗೆ ಆಲೂರಿನ ಹೆಸರು ಕೇಳಿದರೆ ಹೊಟ್ಟೆ ಉರಿಯುವಂತಾಯಿತು.

ದಾರಿ ಸಿಕ್ಕಿದ್ದು ನವೆಂಬರಿನಲ್ಲಿ, ಕಾಫಿ ಹಣ್ಣು ಕಣಕ್ಕೆ ಬಿದ್ದ ಮೇಲೆ. ಹಣ್ಣು ಒಣಗಿದೆಯೋ ಇಲ್ಲವೋ ಎಂದು ನೋಡಲು ಎಸ್ಟೇಟಿನವರು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ, ಮೆತ್ತಗೆ ಗೊಣಗಿದರೆ ಇನ್ನೂ ಬಿಸಿಲು ಬೇಕು. ಒಂದು ಸಂಜೆ ಹತ್ತು ವರ್ಷದ ನವೀನ ಬೇಜಾರಿಗೆ ಒಂದು ಹಿಡಿಯನ್ನು ಖಾಲಿ ಡಬ್ಬಕ್ಕೆ ಹಾಕಿ ಅಲ್ಲಾಡಿಸುತ್ತ ಕೂತಿದ್ದ. ತಾಯಮ್ಮ ಅವನಿಗೆ ಬೆನ್ನು ತಿರುಗಿಸಿ ಕಾಫಿ ಕೆದಕುತ್ತಿದ್ದವಳು, "ಐದ್ ದಿನದ್ದು ಕಣ್ಲ ಅದು" ಎಂದಳು. ನವೀನ ಬೇರೆ ಮೂಲೆಯಿಂದ ಒಂದು ಹಿಡಿ ಹಾಕಿದ. "ಒಂಬತ್ತು ದಿನದ್ದು." ಇನ್ನೊಂದು. "ನಿನ್ನೇದು. ತಿರ್ಗಾ ಕಣಕ್ ಹಾಕು, ಇಲ್ದಿದ್ರೆ ಮುಗ್ಗಲು ಬತ್ತದೆ."

ಮಕ್ಕಳ ಬಾಯಿ ತೆರೆದೇ ಉಳಿಯಿತು. ಒಬ್ಬೊಬ್ಬರೂ ಒಂದೊಂದು ಡಬ್ಬ ತಂದರು. ಅವಳು ಕಣ್ಣುಮುಚ್ಚಿ ನಿಂತು, ಇದು ಎಣ್ಣೆ ಡಬ್ಬ, ಇದು ಬಿಸ್ಕತ್ತಿನದು, ಇದರ ತಳ ಒಡೆದಿದೆ ಎಂದು ಹೇಳುತ್ತ ಹೋದಳು. ಇಪ್ಪತ್ತೊಂದು ವರ್ಷ ಒಂದೇ ಕಂಬಿಯನ್ನು ಬಡಿದ ಕಿವಿ ಅದು. ಚಳಿಗೆ ಕಂಬಿ ಹೇಗೆ ಕೂಗುತ್ತದೆ, ಬಿಸಿಲಿಗೆ ಹೇಗೆ, ಇಬ್ಬನಿ ಕೂತಾಗ ಹೇಗೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಒಂದು ವಿದ್ಯೆ ಎಂದು ಅವಳೂ ತಿಳಿದಿರಲಿಲ್ಲ.

ಆಮೇಲೆ ಎಸ್ಟೇಟಿನಲ್ಲಿ ಯಾವ ವಸ್ತುವಿಗೂ ಉಳಿಗಾಲವಿಲ್ಲದಂತಾಯಿತು. ಒಡೆದ ಸ್ಪ್ರಿಂಕ್ಲರ್ ಪೈಪುಗಳನ್ನು ಉದ್ದಗಿಡ್ಡಕ್ಕೆ ಕುಯ್ದು ಹಳೇ ಚಪ್ಪಲಿಯಿಂದ ಅವುಗಳ ಬಾಯಿಗೆ ಹೊಡೆದರು. ಬುಸ್‌ಬುಸ್ ಎಂದು ದಪ್ಪ ದನಿ ಬಂತು. ಸ್ಟೋರಿನ ಹಿಂದೆ ಬಿದ್ದಿದ್ದ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಹಳೆಯ ತಾಮ್ರದ ತಗಡನ್ನು ಸೌಟಿನಿಂದ ಕೆರೆದರೆ ಗರ್‌ ಎನ್ನುತ್ತಿತ್ತು. ಕಾಫಿ ಡಬ್ಬಗಳಂತೂ ಐದು ದಿನದ್ದು, ಒಂಬತ್ತು ದಿನದ್ದು ಎಂದು ಹೆಸರಿನಿಂದಲೇ ಕರೆಸಿಕೊಂಡವು. ಗರಗಸವಿಲ್ಲದೆ ಕುಡುಗೋಲಿನಲ್ಲಿ ಪೈಪು ಕುಯ್ಯುವಾಗ ಮಕ್ಕಳು ಸಕಲೇಶಪುರದಲ್ಲಿ ಬೀಗ ಹಾಕಿ ಕೂತಿರುವ ಆ ಪೆಟ್ಟಿಗೆಯನ್ನು ನೆನೆದು ಜೊಲ್ಲು ಸುರಿಸುತ್ತಿದ್ದರು. ತಾಯಮ್ಮ ಹೇಳುತ್ತಿದ್ದದ್ದು ಒಂದೇ ಮಾತು, "ಮೊದ್ಲು ಕೇಳ್ರಲಾ, ಆಮೇಲೆ ಬಡೀರಿ." ಬೇರೆ ಪಾಠ ಅವಳಿಗೆ ಬರುತ್ತಿರಲಿಲ್ಲ, ಬೇಕಾಗಲೂ ಇಲ್ಲ.

ಜನವರಿಗೆ ತೋರಿಸಲು ಈ ಸದ್ದುಗಳದೇ ಒಂದು ಮೇಳ ಎಂದಾಯಿತು. ಒಂದೇ ತೊಡಕು. ಹನ್ನೊಂದು ಜನ ಒಟ್ಟಿಗೆ ಹೊರಡುವುದು ಹೇಗೆ? ಒಂದು ಎರಡು ಮೂರು ಎಂದು ಎಣಿಸಿದರೆ ಕೆಲವರು ಎರಡಕ್ಕೇ ಓಡುತ್ತಿದ್ದರು. ಆಗ ಹದಿಮೂರರ ಶೀಲಾ, ಇಡೀ ಮೇಳಕ್ಕೆ ತಾನೇ ಯಜಮಾನಿ ಎಂದು ತಿಳಿದಿದ್ದವಳು, ಒಂದು ಉಪಾಯ ಹೇಳಿದಳು. "ಹಾಜರಿ ಗಂಟೆ ಐತಲ್ಲ! ಮೂರು, ಐದು, ಒಂದು. ಅದು ನಿದ್ದೇಲೂ ಎಲ್ರಿಗೂ ಬತ್ತದೆ." ನಿಜವೇ. ಹುಟ್ಟಿದಾಗಿನಿಂದ ಕೇಳಿದ ಲಯ, ಎಣಿಸುವ ಗೋಜೇ ಇಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಎರಡು ಗಂಟೆ. ಲೈನುಗಳಲ್ಲಿ ಜನ ಮಾಂಸದ ಊಟ ಮುಗಿಸಿ ಗೊರಕೆ ಹೊಡೆಯುತ್ತಿದ್ದ ಹೊತ್ತು. ತಾಯಮ್ಮ ಪೈಪಿಗೆ ಹಗ್ಗ ಬಿಗಿಯುತ್ತಿದ್ದಳು. ಶೀಲಾ ಸುತ್ತಿಗೆ ತೆಗೆದುಕೊಂಡು, ಅಭ್ಯಾಸ ತಾನೇ ಎಂದು ಕಂಬಿಗೆ ಬಡಿದಳು. ಮೂರು. ಐದು. ನಾಲ್ಕು ಉಸಿರು. ಒಂದು.

ಆಮೇಲಿನದನ್ನು ಕಲ್ಲುಗುಡ್ಡೆಯಲ್ಲಿ ಈಗಲೂ ಹೇಳಿ ಹೇಳಿ ನಗುತ್ತಾರೆ. ಮೂರೂ ಲೈನುಗಳ ಬಾಗಿಲುಗಳು ಒಟ್ಟಿಗೆ ತೆರೆದುಕೊಂಡವು. ಗಂಡಸರು ಎದ್ದೆವೋ ಬಿದ್ದೆವೋ ಎಂದು ಓಡಿಬಂದರು, ಬಸವರಾಜು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ ಮೆಟ್ಟಿದ್ದ. ಭೂತಯ್ಯ ಅಂಗಿಯ ತೋಳಿಗೆ ತಲೆ ತೂರಿಸಿಕೊಂಡು ಕುರುಡನಂತೆ ತಡವರಿಸುತ್ತ ಏರು ಹತ್ತಿದ. ಹೆಂಗಸರು ಇವರಿಗಿಂತ ಚುರುಕು. ಈರಮ್ಮನ ಹಿಂದೆ ಎಂಟು ಜನ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಣಕ್ಕೂ ಬರದೆ ನೆಟ್ಟಗೆ ತೋಟದ ನಾಲ್ಕನೇ ಬ್ಲಾಕಿಗೆ ಹೋಗಿ ಕಾಫಿ ಹಣ್ಣು ಕೊಯ್ಯತೊಡಗಿದ್ದರು. ಅರ್ಧ ಚೀಲ ತುಂಬಿದ ಮೇಲೆ ಒಬ್ಬಳು, "ಅಕ್ಕಾ, ಇವತ್ತು ನಾವು ಕೋಳಿ ತಿಂದಿದ್ದು ಭಾನ್ವಾರ ಅಂತ ಅಲ್ವಾ?" ಎಂದು ಕೇಳಿದಳಂತೆ.

ರೈಟರ್ ರಾಜಶೇಖರ್ ಅರ್ಧ ಗಡ್ಡಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಹಾಜರಿ ಪುಸ್ತಕದೊಂದಿಗೆ ಓಡಿಬಂದರು. ಮೂರು ಹೆಸರು ಕೂಗಿದ ಮೇಲೆ ಅವರಿಗೂ ಜ್ಞಾನೋದಯವಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಸೇರಿ ತಾಯಮ್ಮನ ಮುಖ ನೋಡಿದರು.

"ವಾರದಾಗೆ ಆರ್ ದಿನ ಸಾಯಿಸೋದು ಸಾಲ್ದು ಅಂತ ಏಳ್ನೇ ದಿನಾನೂ ಬಂದ್ಯಾ ತಾಯಮ್ಮ?" ಎಂದು ಅಂಗಿಯ ತೋಳಿನೊಳಗಿಂದಲೇ ಭೂತಯ್ಯ ಗುಡುಗಿದ. ತಪ್ಪು ಅವನ ಮೊಮ್ಮಗಳದು ಎಂದು ತಾಯಮ್ಮ ಹೇಳಲಿಲ್ಲ. ರೈಟರು ಅಲ್ಲೇ ತೀರ್ಪು ಕೊಟ್ಟರು, ಭಾನುವಾರ ಆ ಕಂಬಿಯನ್ನು ಮುಟ್ಟಕೂಡದು, ಮುಟ್ಟಿದರೆ ಕ್ಲಬ್ಬು ಬಂದ್. "ಮುಟ್ಟಕಿಲ್ಲ ರೈಟ್ರೆ. ಮಾತ್ ಕೊಡ್ತೀನಿ" ಎಂದಳು ತಾಯಮ್ಮ. ಈರಮ್ಮನ ಗುಂಪು ಮಾತ್ರ, ಕೊಯ್ದ ಹಣ್ಣನ್ನು ಮತ್ತೆ ಗಿಡಕ್ಕೆ ಅಂಟಿಸಲು ಬರುತ್ತದೆಯೇ ಎಂದು ಜಗಳವಾಡಿ ಅರ್ಧ ದಿನದ ಹಾಜರಿ ಬರೆಸಿಕೊಂಡೇ ಹೋಯಿತು.

ಮೇಳದಿಂದ ಕಂಬಿ ಹೋಯಿತು. ಮೂರು ನಿಧಾನದ ಏಟನ್ನು ಪೈಪಿಗೆ ಹಾಕಿದರು, ಐದು ಬಿರುಸನ್ನು ಡಬ್ಬಗಳಿಗೆ ಹಾಕಿದರು. ಕೊನೆಯ ಒಂದು ಏಟಿಗೆ ಏನು ಮಾಡಿದರೂ ಸರಿಹೋಗಲಿಲ್ಲ. ಬಾಣಲೆ ತಂದರು, ಬಿಂದಿಗೆ ತಂದರು, ನವೀನ ಎಲ್ಲಿಂದಲೋ ಜೀಪಿನ ಚಕ್ರದ ತಟ್ಟೆ ತಂದ. ತಾಯಮ್ಮ ಕಣ್ಣುಮುಚ್ಚಿ ಕೇಳಿ ತಲೆ ಅಲ್ಲಾಡಿಸಿದಳು. ಕೊನೆಗೆ, "ಬರಕಿಲ್ಲ ಅಂದ್ರೆ ಬರಕಿಲ್ಲ. ಆ ಜಾಗ ಖಾಲಿ ಬುಡಿ" ಎಂದಳು. ಹಾಗಾಗಿ ಮೇಳ ಮೂರು, ಐದು ಬಾರಿಸಿ, ನಾಲ್ಕು ಉಸಿರು ಕಾದು, ಕೊನೆಯ ಏಟಿನ ಜಾಗದಲ್ಲಿ ಎಲ್ಲರೂ ಕೋಲನ್ನು ಮೇಲೆತ್ತಿ ಕಲ್ಲಿನಂತೆ ನಿಂತು, ಮುಂದಿನ ಸುತ್ತು ಶುರುಮಾಡುವುದೆಂದು ತೀರ್ಮಾನವಾಯಿತು.

ಜನವರಿಯ ಎರಡನೇ ಭಾನುವಾರ ಸಂಜೆ ನಾಲ್ಕಕ್ಕೆ ಪ್ರದರ್ಶನ. ಶೀಲಾ ಲೈನಿನ ಮನೆಮನೆಗೆ ಹೋಗಿ ಕರೆದಿದ್ದಳು. ಅವಳ ಬೆನ್ನಿಗೇ ಅವಳ ತಾತ ಭೂತಯ್ಯ, "ತಾಯಮ್ಮನ ಬಡಿತ ನೋಡಕ್ಕೆ ಭಾನ್ವಾರ ಎದ್ದು ಹೋಗ್ಬೇಕಾ? ವಾರ ಪೂರ್ತಿ ಪುಕ್ಸಟ್ಟೆ ಕೇಳ್ತೀವಲ್ಲ" ಎಂದು ಹೇಳುತ್ತ ಬಂದಿದ್ದ. ಕೊಯ್ಲಿನ ದಣಿವು ಬೇರೆ. ಮಾತು ಎಲ್ಲರಿಗೂ ಸರಿಯೆನಿಸಿತು.

ನಾಲ್ಕಾಯಿತು, ನಾಲ್ಕೂಕಾಲಾಯಿತು. ಕಣದಲ್ಲಿ ಸಾಲಾಗಿ ಹಾಸಿದ್ದ ಗೋಣಿತಾಟುಗಳ ಮೇಲೆ ಇದ್ದವರು ಸುಮನಾ, ರೈಟರು, ಮತ್ತು ಈರಮ್ಮ. ಈರಮ್ಮ ಬಂದದ್ದು ಮೇಕೆ ಹುಡುಕಿಕೊಂಡು. ಮೇಕೆ ಮೊದಲೇ ಬಂದು ಮುಂದಿನ ಸಾಲಿನಲ್ಲಿ ನಿಂತಿತ್ತು. ಸುಮನಾಳ ಪುಸ್ತಕದಲ್ಲಿ ಐವತ್ತು ಖಾಲಿ ಗೆರೆಗಳಿದ್ದವು. "ಆಲೂರಲ್ಲಿ ಎಂಬತ್ತು ಜನ ಬಂದಿದ್ರು" ಎಂದು ಬಾಯಿ ತಪ್ಪಿ ಅಂದು ನಾಲಿಗೆ ಕಚ್ಚಿಕೊಂಡಳು. ಅವರು ಮೊಟ್ಟೆ ಹಂಚಿದ್ದರು ಎಂಬುದನ್ನು ಹೇಳಲಿಲ್ಲ.

ನವೀನನ ಕಣ್ಣಲ್ಲಿ ನೀರು ತುಂಬಿತು. ಹೊಸ ಅಂಗಿ ಹಾಕಿಕೊಂಡು ಬಂದಿದ್ದ. "ದೊಡ್ಡವ್ವ, ಒಂದೇ ಒಂದ್ ಸಲ ಗಂಟೆ ಬಡುದ್ಬುಡು. ಎಲ್ರೂ ಓಡ್ ಬತ್ತಾರೆ."

ಹನ್ನೊಂದು ಮುಖಗಳೂ ಅವಳ ಕಡೆ ತಿರುಗಿದವು. ರೈಟರೂ ಹತ್ತಿರ ಬಂದು ಮೆಲ್ಲಗೆ, "ತಾಯಮ್ಮ, ನಾನು ಬೇಕಾದ್ರೆ ಆ ಕಡೆ ತಿರುಗಿ ನಿಂತ್ಕೋತೀನಿ. ಬಡಿದುಬಿಡು" ಎಂದರು. ಸುತ್ತಿಗೆ ಮರದ ಬುಡದಲ್ಲೇ ಇತ್ತು. ಅವಳು ಅದನ್ನು ಎತ್ತಿಕೊಂಡಳು ಕೂಡ. ಪರಿಚಯದ ಭಾರ. ಒಂಬತ್ತು ಏಟು, ಅಷ್ಟೇ, ಇನ್ನೂರು ಜನ ಕಣದಲ್ಲಿ ನಿಂತಿರುತ್ತಾರೆ. ಪೆಟ್ಟಿಗೆ ಬರುತ್ತದೆ, ಕ್ಲಬ್ಬು ಉಳಿಯುತ್ತದೆ, ಮಕ್ಕಳು ಕುಣಿಯುತ್ತಾರೆ.

ಅವಳು ಸುತ್ತಿಗೆಯನ್ನು ಕೆಳಗಿಟ್ಟಳು. "ಬ್ಯಾಡಿ ರೈಟ್ರೆ. ಗಂಟೆ ಬಡುದ್ರೆ ಬತ್ತಾರೆ. ದಿನಾ ಬತ್ತಾರಲ್ಲ, ಹಂಗೇ ಬತ್ತಾರೆ." ಆಮೇಲೆ ಮಕ್ಕಳಿಗೆ, "ಮೂರ್ ಜನ ಅವ್ರೆ, ಒಂದ್ ಮೇಕೆ ಐತೆ. ಅವ್ರಿಗೆ ಕಿವಿ ಇಲ್ವಾ? ಶುರು ಮಾಡ್ರಲಾ!" ಎಂದಳು. ಗಟ್ಟಿಯಾಗಿಯೇ ಹೇಳಿದಳು. ಆದರೆ ಮಕ್ಕಳ ಪೆಟ್ಟಿಗೆಯನ್ನು ತನ್ನ ಹಟಕ್ಕೆ ಕಳೆದೆನೇ ಎಂದು ಅವಳಿಗೆ ಭಯವಾಗಿತ್ತು.

ಪೈಪು ಮೂರು ಸಲ ಬುಸುಗುಟ್ಟಿತು. ಡಬ್ಬ ಐದು ಸಲ ಗಲಗಲಿಸಿತು. ಮೌನ. ಕೋಲುಗಳು ಮೇಲೆದ್ದು ನಿಂತವು. ಕೊನೆಯ ಏಟಿನ ಜಾಗ ಖಾಲಿಯಾಗಿ ಹಾದುಹೋಯಿತು. ತಗಡು ಗರ್‌ ಎಂದಿತು, ಮೇಳ ಎದ್ದು ಕುಣಿಯಿತು, ಮತ್ತೆ ಮೂರು, ಮತ್ತೆ ಐದು, ಮತ್ತೆ ಖಾಲಿ.

ಲೈನಿನಲ್ಲಿ ಜಗಲಿಯ ಮೇಲೆ ಕೂತಿದ್ದ ಬಸವರಾಜು ಬೀಡಿ ಹಚ್ಚಲು ಕಡ್ಡಿ ಗೀರಿದವನು ಹಾಗೇ ಉಳಿದ. ಮೂರು, ಐದು ಕಿವಿಗೆ ಬಿತ್ತು, ಈಗ ಕೊನೆಯದು ಬರುತ್ತದೆ ಎಂದು ಮೈ ಬಿಗಿಹಿಡಿದು ಕಾದ. ಬರಲಿಲ್ಲ. ಕಡ್ಡಿ ಬೆರಳು ಸುಟ್ಟಿತು. ಪಕ್ಕದ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಕೂತಿದ್ದಳು. ಸೀನು ಬಂದ ಹಾಗಾಗಿ ಬಾರದೆ ಹೋದರೆ ಹೇಗಿರುತ್ತದೆ? ಇಡೀ ಲೈನಿಗೆ ಹಾಗಾಯಿತು. ಇಪ್ಪತ್ತೊಂದು ವರ್ಷ ಯಾವ ಏಟನ್ನು ಶಪಿಸಿದ್ದರೋ ಆ ಏಟು ಬೀಳದೆ ಯಾರಿಗೂ ಉಸಿರು ಬಿಡಲು ಆಗುತ್ತಿಲ್ಲ! ಮೂರನೇ ಸುತ್ತಿನಲ್ಲಿ ಬಸವರಾಜು ಎದ್ದ. "ಏನ್ಲಾ ಇದು, ಪ್ರಾಣ ತೆಗೀತಾವ್ರೆ" ಎಂದು ಏರು ಹತ್ತಿದ. ಅವನ ಹಿಂದೆ ಅಕ್ಕಿಯವಳು, ಅವಳ ಹಿಂದೆ ಎರಡನೇ ಲೈನು ಪೂರ್ತಿ.

ಬಂದವರು ಬೈಯಲೆಂದೇ ಬಂದವರು. ಆದರೆ ಬಂದು ನೋಡಿದರೆ ತಮ್ಮ ಮಕ್ಕಳು ಚಪ್ಪಲಿಯಿಂದ ಪೈಪು ಬಡಿಯುತ್ತ, ತಮ್ಮದೇ ಕಾಫಿಯನ್ನು ಡಬ್ಬದಲ್ಲಿ ಕುಣಿಸುತ್ತ, ಮುಖವೆಲ್ಲ ಬೆವರಾಗಿ ನಗುತ್ತಿವೆ. ನಿಂತರು. ಮತ್ತೆ ಮೂರು, ಐದು, ಕೋಲು ಮೇಲೆ, ಖಾಲಿ. ಮುಂದಿನ ಸಾಲಿನಲ್ಲಿ ಕೂತಿದ್ದ ಈರಮ್ಮನಿಗೆ ತಡೆಯಲಾಗಲಿಲ್ಲ. "ಠಣ್!" ಎಂದು ಬಾಯಲ್ಲೇ ಕೂಗಿಬಿಟ್ಟಳು. ಕಣವೆಲ್ಲ ಗೊಳ್ಳೆಂದಿತು. ಮುಂದಿನ ಸುತ್ತಿನಲ್ಲಿ ಹತ್ತು ಬಾಯಿ ಠಣ್ ಎಂದವು. ಅದರ ಮುಂದಿನದರಲ್ಲಿ ಐವತ್ತು ಬಾಯಿ. ಮೇಕೆ ಈರಮ್ಮನ ಕೈಯಿಂದ ಹಗ್ಗ ಕಿತ್ತುಕೊಂಡು ಎರಡು ಸುತ್ತು ಓಡಿತು. ರೈಟರು ಹಾಜರಿ ಪುಸ್ತಕವನ್ನೇ ತೊಡೆಯ ಮೇಲಿಟ್ಟು ತಾಳ ಹಾಕುತ್ತಿದ್ದರು. ತಾಯಮ್ಮ ಮರಕ್ಕೆ ಒರಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಾಗುತ್ತಿರಲಿಲ್ಲ, ಎರಡೂ ಇರಬೇಕು.

ಎಲ್ಲರಿಗಿಂತ ಕೊನೆಗೆ ಭೂತಯ್ಯ ಬಂದ. ಮಂಡಿಗೆ ಹಚ್ಚಿದ ಎಣ್ಣೆ ಕಾಲಿನುದ್ದಕ್ಕೂ ಇಳಿಯುತ್ತಿತ್ತು. ಜನರನ್ನು ಸರಿಸಿಕೊಂಡು ನೇರವಾಗಿ ಹಲಸಿನ ಮರದ ಹತ್ತಿರ ಹೋದ.

"ಏ ತಾಯಮ್ಮ! ಆ ಕೊನೇದ್ ಬಡೀತೀಯೋ ಇಲ್ವೋ?"

"ಭಾನ್ವಾರ ಕಂಬಿ ಮುಟ್ಟಕಿಲ್ಲ ಅಂತ ಮಾತ್ ಕೊ‌ಟ್ಟಿದೀನಿ ಭೂತಣ್ಣ."

"ನಾನ್ ಕೊಟ್ಟಿಲ್ವಲ್ಲ!" ಎಂದವನೇ ಸುತ್ತಿಗೆ ಎತ್ತಿಕೊಂಡ. ಮೇಳ ಅಷ್ಟರಲ್ಲಿ ಮೂರು ಮುಗಿಸಿತ್ತು. ಐದು ಮುಗಿಸಿತು. ಇಡೀ ಕಣ ಉಸಿರು ಹಿಡಿಯಿತು. ಕೋಲುಗಳು ಮೇಲೆದ್ದವು. ಭೂತಯ್ಯ ಎರಡೂ ಕೈಯಿಂದ ಬೀಸಿ ಬಡಿದ. ಠಣ್! ಜನ ಹುಯ್ಯಲೆಬ್ಬಿಸಿದರು. ಶೀಲಾ ಕೋಲು ಬಿಸುಟು ತಾತನ ಸೊಂಟ ತಬ್ಬಿಕೊಂಡಳು. "ಬುಡೇ, ಮುಂದಿನ್ ಸುತ್ತು ಬತ್ತಾ ಐತೆ!" ಎಂದು ಮುದುಕ ಅವಳನ್ನು ಸರಿಸಿ ಮತ್ತೆ ಸುತ್ತಿಗೆ ಎತ್ತಿದ. ಕತ್ತಲಾಗುವವರೆಗೂ ಅದನ್ನು ಅವನ ಕೈಯಿಂದ ಕೀಳಲು ಯಾರಿಗೂ ಆಗಲಿಲ್ಲ.

ಸುಮನಾಳ ಪುಸ್ತಕದಲ್ಲಿ ಗೆರೆ ಸಾಲದೆ ಅಂಚಿನಲ್ಲೆಲ್ಲ ಸಹಿ, ಹೆಬ್ಬೆಟ್ಟು ಬಿದ್ದವು. ನೂರಾ ಹನ್ನೆರಡು ಎಂದು ಎಣಿಸಿದಳು. ಮರುದಿನ ಆಫೀಸಿನಲ್ಲಿ ಮತ್ತೆ ನೋಡಿದಾಗ ಕೊನೆಯ ಗುರುತು ಗೊರಸಿನದು ಎಂದು ತಿಳಿಯಿತಂತೆ. ಇಂಕಿನ ಪ್ಯಾಡು ನವೀನನ ಹತ್ತಿರ ಇತ್ತು, ನಾನು ಹೆಚ್ಚು ಹೇಳುವುದಿಲ್ಲ. ಅದೇ ವಾರ ಹತಾರದ ಪೆಟ್ಟಿಗೆ ಆಟೋದಲ್ಲಿ ಬಂತು.

ಆದರೆ ಪೆಟ್ಟಿಗೆ ಬರುವ ಮೊದಲೇ, ಆ ಭಾನುವಾರದ ಮರುದಿನದ ಬೆಳಿಗ್ಗೆ ಬಂತು. ಏಳೂವರೆಗೆ ಐದು ನಿಮಿಷವಿರುವಾಗ ತಾಯಮ್ಮ ಗಡಿಯಾರ ನೋಡುತ್ತ ಮರದ ಹತ್ತಿರ ಬಂದರೆ ಭೂತಯ್ಯ ಆಗಲೇ ಅಲ್ಲಿ ನಿಂತಿದ್ದ. ಅವನನ್ನು ಅಷ್ಟು ಬೇಗ ಕಣದಲ್ಲಿ ಕಂಡವರೇ ಇಲ್ಲ.

"ಕೊನೇ ಏಟು ನಂದು" ಎಂದ, ಮುಖ ಗಂಟಿಕ್ಕಿಕೊಂಡೇ.

ತಾಯಮ್ಮ ಮೂರು ಬಡಿದಳು, ಐದು ಬಡಿದಳು, ಸುತ್ತಿಗೆಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಮೇಲೆತ್ತಿದ. ಹಲಸಿನ ಮರದ ಬುಡದಿಂದ ಲೈನಿನ ಏರುದಾರಿ ಪೂರ್ತಿ ಕಾಣುತ್ತದೆ ಎಂಬುದು ಅವನಿಗೆ ಆಗ ಗೊತ್ತಾಯಿತು. ಒಂದೊಂದು ತಲೆಯೂ ಕಾಣುತ್ತಿತ್ತು. ನಾಲ್ಕು ಉಸಿರು ಮುಗಿಯಿತು. ಕೆಳಗಿನ ತಿರುವಿನಲ್ಲಿ ಬಸವರಾಜು ಇನ್ನೂ ಓಡಿಬರುತ್ತಿದ್ದ.

ಭೂತಯ್ಯ ಸುತ್ತಿಗೆ ಹಿಡಿದವನು ಹಾಗೇ ನಿಂತ. "ಒಸಿ ತಡೀ, ಹುಡ್ಗ ಬತ್ತಾವ್ನೆ" ಎಂದು ತನಗೇ ಹೇಳಿಕೊಂಡ. ಆಡಿದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು. ತಿರುವಿನಿಂದ ಕಣದವರೆಗಿನ ದಾರಿಯನ್ನು ಕಣ್ಣಲ್ಲೇ ಅಳೆದ. ಗಟ್ಟಿಮುಟ್ಟಾದ ಹುಡುಗನಿಗೇ ಇಷ್ಟು ಹೊತ್ತು, ಇನ್ನು ಊನ ಮಂಡಿಗೆ? ಅವನು ನಿಧಾನವಾಗಿ ತಾಯಮ್ಮನ ಕಡೆ ತಿರುಗಿದ.

"ಇಲ್ಲಿಂದ ಎಲ್ಲಾ ಕಾಣ್ತದಲ್ಲ ತಾಯಮ್ಮ."

"ಕಾಣ್ತದೆ."

"ನಾನ್ ಕುಂಟ್ಕಂಡ್ ಬರೋದೂ?"

"ಹದಿನಾಲ್ಕು ವರ್ಸದಿಂದ ನೋಡ್ತಾ ಇಲ್ವಾ" ಎಂದಳು ತಾಯಮ್ಮ. ಎಲೆಅಡಿಕೆ ಚೀಲದಲ್ಲಿ ಏನೋ ಹುಡುಕುವಂತೆ ತಲೆ ತಗ್ಗಿಸಿದಳು.

ಬಸವರಾಜು ಏದುಸಿರು ಬಿಡುತ್ತ ಕಣಕ್ಕೆ ಕಾಲಿಟ್ಟ. ಭೂತಯ್ಯ ಕಂಬಿಗೆ ಬಡಿದ. ಆಮೇಲೆ ಸುತ್ತಿಗೆಯನ್ನು ಧೋತ್ರದ ಅಂಚಿನಿಂದ ಒರೆಸಿ, ಎರಡೂ ಕೈಯಿಂದ ಅವಳಿಗೆ ವಾಪಸು ಕೊಟ್ಟು, ಹಾಜರಿಯ ಸಾಲಿಗೆ ಹೋಗಿ ನಿಂತುಕೊಂಡ.